ಬುಧವಾರದಿಂದ ಭಾನುವಾರ: ಮಿನ್ನೆಸೋಟದ ಚರ್ಚ್ ಊರುಗಳಲ್ಲಿ

ಬುಧವಾರ

ಅಮೆರಿಕದ ಮಿನ್ನೆಸೋಟ ರಾಜ್ಯದ ಸಣ್ಣ ಊರುಗಳಲ್ಲಿ ಬುಧವಾರ ಸಂಜೆ ಆರು ದಾಟಿತೆಂದರೆ ಶಾಲೆಯವರು ಆಟ, ತಾಲೀಮು, ಪೋಷಕರ ಸಭೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಆ ಹೊತ್ತು ಚರ್ಚಿನದು. ಹೀಗೇ ಇರಬೇಕೆಂದು ಕಾನೂನೇನಿಲ್ಲ, ರೂಢಿ ಅಷ್ಟೇ. ‘ಚರ್ಚ್ ನೈಟ್’ ಅನ್ನುತ್ತಾರೆ. ಕಾನೂನು ಇರುವುದು ಇನ್ನೊಂದಕ್ಕೆ: ಪೋಷಕರು ಬಯಸಿದರೆ ಮಗು ಶಾಲೆಯ ಹೊತ್ತಿನಲ್ಲೇ ವಾರಕ್ಕೆ 3 ಗಂಟೆಯವರೆಗೆ ಧರ್ಮಪಾಠಕ್ಕೆ ಹೊರಗೆ ಹೋಗಬಹುದು.

ಇದನ್ನೆಲ್ಲ ಹೇಳಿದ್ದು ಭಾವ. ಮಿನಿಯಾಪೊಲಿಸ್‌ನಲ್ಲಿ ಬಹಳ ವರ್ಷದಿಂದ ಇದ್ದಾರೆ. ಕೆಲಸದ ಮೇಲೆ ರಾಜ್ಯದ ಮೂಲೆಮೂಲೆ ಸುತ್ತಿದ್ದಾರೆ, ಆದರೆ ಒಂದು ಚರ್ಚಿನ ಒಳಗೂ ಕಾಲಿಟ್ಟವರಲ್ಲ. ಅಕ್ಟೋಬರ್ ಕೊನೆಯ ವಾರ ರಜೆ ಹಾಕಿ, “ಬಾ, ನಿನಗೆ ಜಲಪಾತ ತೋರಿಸುತ್ತೇನೆ” ಅಂದರು. ಜಲಪಾತ ಬೇಡ ಭಾವ, ಚರ್ಚಿಗೆ ಹೋಗುವ ಊರುಗಳನ್ನು ತೋರಿಸಿ ಅಂದೆ. ಅಕ್ಕ ನಕ್ಕು ಡಬ್ಬಿಗೆ ಚಿತ್ರಾನ್ನ ತುಂಬಿಕೊಟ್ಟಳು.

94ನೇ ಹೆದ್ದಾರಿಯಲ್ಲಿ ವಾಯವ್ಯಕ್ಕೆ ಹೊರಟರೆ ಒಂದೂಕಾಲು ಗಂಟೆಯಲ್ಲಿ ಸ್ಟರ್ನ್ಸ್ ಕೌಂಟಿ. ಜೋಳ ಕಟಾವಾಗಿ ಹೊಲಗಳು ಬೋಳಾಗಿದ್ದವು, ಕೆಲವು ಕಡೆ ಯಂತ್ರಗಳು ಇನ್ನೂ ದೂಳೆಬ್ಬಿಸುತ್ತಿದ್ದವು. ಸೇಂಟ್ ಜೋಸೆಫ್ ಎಂಬ ಊರಿನಲ್ಲಿ ತಂಗಿದೆವು. ಆರೂವರೆಗೆ ಪಿಜ್ಜಾ ಅಂಗಡಿಗೆ ಹೋದರೆ ನಾವಿಬ್ಬರೇ. ಮಾಲೀಕ ಕೌಂಟರಿನ ಮೇಲೆ ಮೊಣಕೈ ಊರಿ ಫೋನ್ ನೋಡುತ್ತಿದ್ದ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಒಲೆಯೊಳಗೆ ಒಂದೇ ಸಮನೆ ಪಿಜ್ಜಾ ತಳ್ಳಲು ಶುರುಮಾಡಿದ. ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಎಂಟಾದ ಮೇಲೆ ಬಾಗಿಲು ಮುಚ್ಚಲಾಗದಷ್ಟು ಹುಡುಗರು, ಹಿಂದೆಯೇ ಕಾರಿನ ಕೀಲಿ ಕುಣಿಸುತ್ತ ಅಪ್ಪಂದಿರು. ಧರ್ಮಪಾಠ ಬಿಟ್ಟಿತ್ತು. ಕ್ಯಾಥೊಲಿಕ್ ಮಕ್ಕಳೂ ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವಾದ ಲುಥರನ್ ಮಕ್ಕಳೂ ಬೇರೆ ಬೇರೆ ಕಟ್ಟಡದಿಂದ ಬಂದು ಒಂದೇ ಮೇಜಿಗೆ ಮುತ್ತಿಕೊಂಡರು. ಲುಥರನ್ ಮಕ್ಕಳು ಹದಿಹರೆಯದಲ್ಲಿ ಎರಡು ಮೂರು ವರ್ಷ ಹೀಗೆ ಬಂದು, ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಧರ್ಮದ ಕಿರು ಪ್ರಶ್ನೋತ್ತರ ಕಲಿತು, ಸಭೆಯ ಮುಂದೆ ತಮ್ಮ ನಂಬಿಕೆಯನ್ನು ತಾವೇ ಘೋಷಿಸಿ ದೃಢೀಕರಣ ಪಡೆಯುತ್ತಾರೆ. ಅದಾದ ಮರುವಾರದಿಂದಲೇ ಅನೇಕರು ಚರ್ಚಿನತ್ತ ತಲೆಹಾಕುವುದಿಲ್ಲವಂತೆ. “ದೃಢೀಕರಣ ಅಂದರೆ ನಮ್ಮಲ್ಲಿ ಪದವಿ ಪ್ರದಾನ” ಅಂತ ಪಕ್ಕದ ಮೇಜಿನ ಒಬ್ಬ ಅಪ್ಪ ಬೇಸರವಿಲ್ಲದೆ ಹೇಳಿದ. ಅವನೂ ಹಾಗೇ ಬಿಟ್ಟವನು, ಮಗಳು ಹುಟ್ಟಿದ ಮೇಲೆ ಮರಳಿ ಬಂದವನು.

ಇಲ್ಲಿ ವಾರದ ಲಯವನ್ನು ಕಟ್ಟಿದ್ದೇ ಚರ್ಚು. ಬಾಟಲಿ ಮದ್ಯದ ಅಂಗಡಿಗಳು ಭಾನುವಾರ ತೆರೆಯಲು ಅವಕಾಶ ಸಿಕ್ಕಿದ್ದು 2017ರ ಜುಲೈಯಲ್ಲಿ. ಭಾನುವಾರ ಕಾರು ಮಾರುವುದು ಈಗಲೂ ನಿಷಿದ್ಧ.

ಗುರುವಾರ

ಬೆಳಿಗ್ಗೆ ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್ ಮಠಕ್ಕೆ. 1850ರ ದಶಕದಲ್ಲಿ ಫ್ರಾನ್ಸಿಸ್ ಪಿಯೆರ್ಜ್ ಎಂಬ ಸ್ಲೊವೇನಿಯಾ ಮೂಲದ ಪಾದ್ರಿ ಈ ಸೀಮೆಯನ್ನು ಹೊಗಳಿ ಜರ್ಮನ್ ಕ್ಯಾಥೊಲಿಕ್ ಪತ್ರಿಕೆಗಳಿಗೆ ಪತ್ರ ಬರೆದ. ಓದಿದವರು ಗಾಡಿ ಕಟ್ಟಿಕೊಂಡು ಬಂದರು. ಅವರ ಹಿಂದೆ 1856ರಲ್ಲಿ ಬೆನೆಡಿಕ್ಟೈನ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ಬಂದರು. ಸ್ಟರ್ನ್ಸ್ ಕೌಂಟಿ ಇವತ್ತಿಗೂ ಜರ್ಮನ್ ಕ್ಯಾಥೊಲಿಕ್ ಸೀಮೆ ಎನಿಸಿಕೊಂಡಿರುವುದಕ್ಕೆ ಆ ಪತ್ರಗಳ ಕೊಡುಗೆ ದೊಡ್ಡದು.

ಮಠದ ಚರ್ಚು ಹಂಗೇರಿ ಮೂಲದ ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್ 1958–61ರಲ್ಲಿ ಕಟ್ಟಿಸಿದ್ದು. ಮುಂದೆ 112 ಅಡಿ ಎತ್ತರದ ಕಾಂಕ್ರೀಟಿನ ಗಂಟೆಗೋಡೆ, ಅದರ ಹಿಂದೆ ಷಟ್ಕೋನಗಳ ಬಣ್ಣದ ಗಾಜು. ವಾಸ್ತುಶಾಸ್ತ್ರದ ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಬರುವ ಜಾಗ. ನಮಗಿಬ್ಬರಿಗೂ ಮೊದಲು ಅದು ಅಣೆಕಟ್ಟಿನ ಹಾಗೆ ಕಂಡಿತು. ಒಳಗೆ ಹೋದಮೇಲೆ ಭಾವ ದನಿ ತಗ್ಗಿಸಿದರು, ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಪ್ರಾರ್ಥನೆಗೆ ಸನ್ಯಾಸಿಗಳು ಸಾಲಾಗಿ ಬಂದರು, ಕೆಲವರು ವಾಕರ್ ತಳ್ಳುತ್ತ. ಕೀರ್ತನೆಯ ಒಂದು ಸಾಲು ಈ ಬದಿಯವರು, ಮುಂದಿನದು ಆ ಬದಿಯವರು. ಸಾಲಿನ ನಡುವೆ ಉಸಿರು ನಿಲ್ಲಿಸಿದಂಥ ಒಂದು ತಡೆ. ಹೊಸಬರು ಆ ತಡೆಯಲ್ಲಿ ಮುನ್ನುಗ್ಗಿ ಸಿಕ್ಕಿಬೀಳುತ್ತಾರೆ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಬೆನೆಡಿಕ್ಟೈನ್ ಮಠಗಳಲ್ಲಿ ಒಂದಾಗಿದ್ದ ಇಲ್ಲಿ ಈಗ ಕುರ್ಚಿಗಳೇ ಜಾಸ್ತಿ. 1998ರಲ್ಲಿ ಶುರುಮಾಡಿ 2011ರಲ್ಲಿ ಮುಗಿಸಿದ ಕೈಬರಹದ ಬೈಬಲ್ಲಿನ ಹಾಳೆಗಳೂ ಇಲ್ಲಿವೆ, ಚರ್ಮದ ಹಾಳೆ, ಹಕ್ಕಿಗರಿಯ ಲೇಖನಿ, ಚಿನ್ನದ ಲೇಪ. ನೋಡಿ ಮೆಚ್ಚಿ ಹೊರಬಂದೆವು.

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಭಾವ ಇನ್ನೊಂದು ಮಾತು ತೆಗೆದರು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಷ್ಟೇ ವರ್ಷ ಕಳೆದಿದ್ದರೂ ದಾವೆ ಹೂಡಲು ಮಿನ್ನೆಸೋಟ 2013ರಲ್ಲಿ ಕಾನೂನು ತಂದಿತು. ಪಾದ್ರಿಗಳ ದೌರ್ಜನ್ಯದ ಮೇಲೂ ದಾವೆಗಳು ಬಂದವು. ಈ ಸೀಮೆಯ ಕ್ಯಾಥೊಲಿಕ್ ಚರ್ಚುಗಳ ಆಡಳಿತ ನೋಡುವ ಸೇಂಟ್ ಕ್ಲೌಡ್ ಧರ್ಮಪ್ರಾಂತ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಇಂಥ ಊರುಗಳಲ್ಲಿ ಚರ್ಚು ಬಿಟ್ಟವರನ್ನೆಲ್ಲ ಸೋಮಾರಿಗಳು, ನಾಸ್ತಿಕರು ಅಂತ ಬಗೆಯುವವರು ಈ ಇಸವಿಗಳನ್ನೂ ಎದುರಿಗೆ ಇಟ್ಟುಕೊಳ್ಳಬೇಕು.

ಮಧ್ಯಾಹ್ನದ ಮೇಲೆ ಕೋಲ್ಡ್ ಸ್ಪ್ರಿಂಗ್. ಊರಂಚಿನ ಗುಡ್ಡದ ಮೇಲೆ ಮರಗಳ ನಡುವೆ ಒಂದು ಪುಟ್ಟ ಗ್ರಾನೈಟ್ ಗುಡಿ, ಜನ ಅದನ್ನು ಕರೆಯುವುದು ಮಿಡತೆ ಚಾಪೆಲ್ ಎಂದು. 1873ರಿಂದ 77ರವರೆಗೆ ರಾಕಿ ಪರ್ವತದ ಮಿಡತೆಗಳು ಮೋಡವಾಗಿ ಬಂದು ಇಲ್ಲಿನ ಬೆಳೆಯನ್ನು ತಿಂದುಹಾಕಿದವು. ರಾಜ್ಯಪಾಲ ಜಾನ್ ಪಿಲ್ಸ್‌ಬರಿ 1877ರ ಏಪ್ರಿಲ್ 26ನ್ನು ಪ್ರಾರ್ಥನೆಯ ದಿನವೆಂದು ಘೋಷಿಸಿದರು. ಇಲ್ಲಿನ ರೈತರು ಮಾತೆ ಮೇರಿಗೆ ಹರಕೆ ಹೊತ್ತು ಮರದ ಚಾಪೆಲ್ ಕಟ್ಟಿದರು. ಆ ಬೇಸಿಗೆಯಲ್ಲಿ ಮಿಡತೆಗಳು ಎದ್ದು ಹೋದವು. ಹರಕೆ ಹೊರದ ಊರುಗಳಿಂದಲೂ ಹೋದವು, ಅದು ಬೇರೆ ಮಾತು. 1894ರಲ್ಲಿ ಸುಂಟರಗಾಳಿ ಚಾಪೆಲನ್ನೇ ಕಿತ್ತೊಗೆಯಿತು. ಸುಮಾರು ಅರವತ್ತು ವರ್ಷ ಅಡಿಪಾಯ ಹಾಗೇ ಬಿದ್ದಿತ್ತು. 1952ರಲ್ಲಿ ಊರಿನ ಗ್ರಾನೈಟಿನಲ್ಲೇ ಮತ್ತೆ ಕಟ್ಟಿದರು. ಬಾಗಿಲ ಮೇಲಿನ ಕೆತ್ತನೆಯಲ್ಲಿ ಮೇರಿಯ ಎರಡು ಬದಿಗೂ ಮಿಡತೆಗಳು ಬಾಗಿ ನಮಸ್ಕರಿಸುತ್ತಿವೆ.

ನನಗೆ ಹಿಡಿಸಿದ್ದು ಆ ಅರವತ್ತು ವರ್ಷ. ಮಿಡತೆಯ ಕಾಟ ಆಗ ಇರಲಿಲ್ಲ, ಆ ಜಾತಿಯೇ ಅಳಿದುಹೋಗಿತ್ತು, ಜೀವಂತ ಕಂಡದ್ದು 1902ರಲ್ಲಿ ಕೊನೆ. ಹರಕೆಯ ಕಾರಣವೇ ಇಲ್ಲ, ಗುಡಿಯೂ ಇಲ್ಲ. ಆದರೂ ಮೊಮ್ಮಕ್ಕಳು ಕಲ್ಲು ಹೊತ್ತು ಗುಡ್ಡ ಹತ್ತಿದರು. ಇದನ್ನು ಬರೀ ದೈವಭಕ್ತಿ ಅನ್ನಲು ನನಗೆ ಮನಸ್ಸಿಲ್ಲ. ಅಜ್ಜ ಕೊಟ್ಟ ಮಾತನ್ನು ಊರಿಗೆ ಊರೇ ಸಾಲದ ಪತ್ರದ ಹಾಗೆ ಇಟ್ಟುಕೊಂಡಿತ್ತು.

ಶುಕ್ರವಾರ

ಮೆಲ್ರೋಸ್, ಫ್ರೀಪೋರ್ಟ್, ನ್ಯೂ ಮ್ಯೂನಿಕ್, ಸೇಂಟ್ ಮಾರ್ಟಿನ್. ಈ ಸೀಮೆಯಲ್ಲಿ ದಾರಿ ಕೇಳಬೇಕಿಲ್ಲ. ಒಂದು ಗೋಪುರ ಹಿಂದೆ ಸರಿಯುವ ಹೊತ್ತಿಗೆ ಮುಂದಿನದು ಕಾಣುತ್ತದೆ. ಕುದುರೆಗಾಡಿಯಲ್ಲಿ ಭಾನುವಾರ ಹೋಗಿಬರುವಷ್ಟು ದೂರಕ್ಕೊಂದು ಚರ್ಚು, ಚರ್ಚಿನ ಸುತ್ತ ಊರು. ನೂರು ಮನೆಯ ಊರಿಗೆ ದೊಡ್ಡ ಪಟ್ಟಣದಲ್ಲಿರಬೇಕಾದಂಥ ಇಟ್ಟಿಗೆಯ ಚರ್ಚು. ಎತ್ತರದಲ್ಲಿ ಪಕ್ಕದ ಊರನ್ನು ಮೀರಿಸುವ ಪೈಪೋಟಿ ಇತ್ತೆಂದು ಇಲ್ಲಿನವರೇ ನಗುತ್ತಾರೆ. ಈಗ ಪಾದ್ರಿಗಳೇ ಇಲ್ಲ, ನಾಲ್ಕೈದು ಊರಿಗೆ ಒಬ್ಬರು. ‘ಮಾಸ್’ ಎಂಬ ಬಲಿಪೂಜೆಯ ಸಮಯ ಊರೂರಿಗೆ ಸರದಿಯಲ್ಲಿ ಬದಲಾಗುತ್ತದೆ. ಮೆಲ್ರೋಸ್‌ನ ಸೇಂಟ್ ಮೇರಿ ಚರ್ಚಿಗೆ 2016ರ ಮಾರ್ಚ್‌ನಲ್ಲಿ ಬೆಂಕಿ ಬಿತ್ತು. ಟರ್ಕಿ ಕೋಳಿ ಸಂಸ್ಕರಣೆ ಕಾರ್ಖಾನೆಗೆ ಬಂದ ಲ್ಯಾಟಿನ್ ಅಮೆರಿಕದ ಕುಟುಂಬಗಳಿಂದಾಗಿ ಆ ಊರಿನಲ್ಲಿ ಸ್ಪ್ಯಾನಿಷ್ ಪೂಜೆಯೂ ನಡೆಯುತ್ತದೆ.

ಅಲ್ಲಿಂದ ಮುಂದೆ ಹೋದ ಊರಿನ ಹೆಸರು ಬರೆಯುವುದಿಲ್ಲ, ಅವತ್ತು ಅಲ್ಲಿ ಒಂದು ಮನೆಯವರ ದುಃಖದ ದಿನ. ಚರ್ಚು ನೋಡೋಣವೆಂದು ನಿಲ್ಲಿಸಿದರೆ ಅಂಗಳದ ತುಂಬ ಕಾರು. ತೊಂಬತ್ತು ದಾಟಿದ ಒಬ್ಬ ರೈತರ ಅಂತ್ಯಕ್ರಿಯೆ. ಹಿಂದೆ ತಿರುಗುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದವರು ಕೈಗೆ ಮಡಚಿದ ಹಾಳೆಯೊಂದನ್ನು ಕೊಟ್ಟು ಕೊನೆಯ ಬೆಂಚು ತೋರಿಸಿದರು. ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಪೂಜೆ ಮುಗಿದು, ಪಕ್ಕದ ಸ್ಮಶಾನದಲ್ಲಿ ಮಣ್ಣಾಗಿ, ಹೊರಡೋಣ ಅನ್ನುವಾಗ ಏಪ್ರನ್ ಕಟ್ಟಿದ ಹೆಂಗಸೊಬ್ಬರು ಅಡ್ಡ ಬಂದರು. “ಊಟ ಕೆಳಗಿದೆ.” ಅದು ಆಹ್ವಾನವೋ ಆಜ್ಞೆಯೋ ಗೊತ್ತಾಗಲಿಲ್ಲ. ಮೆಟ್ಟಿಲಿಳಿದೆವು.

ಈ ಊರುಗಳನ್ನು ಅರ್ಥ ಮಾಡಿಕೊಳ್ಳಬೇಕಾದವರು ಮೇಲಿನ ಬಣ್ಣದ ಗಾಜು ಬಿಟ್ಟು ಸೀದಾ ನೆಲಮಾಳಿಗೆಗೆ ಇಳಿಯಬೇಕು. ತಗ್ಗಿನ ಸೂರು, ಟ್ಯೂಬ್‌ಲೈಟು, ಮಡಚುವ ಮೇಜು, ಬಿಳಿ ಕಾಗದದ ಹಾಸು, ಒಂದು ಬದಿಗೆ ಅಡುಗೆಮನೆಯ ಕಿಟಕಿ. ಬೆಣ್ಣೆ ಸವರಿದ ಬನ್ನಿನಲ್ಲಿ ಹ್ಯಾಮ್ ಎಂಬ ಹಂದಿಮಾಂಸ, ಆಲೂಗಡ್ಡೆ ಸಲಾಡ್, ಉಪ್ಪುನೀರಿನ ಸೌತೆ, ಚೌಕವಾಗಿ ಕತ್ತರಿಸಿದ ‘ಬಾರ್ಸ್’ ಎಂಬ ಸಿಹಿ, ಎಷ್ಟು ಕುಡಿದರೂ ಮುಗಿಯದ ತೆಳು ಕಾಫಿ. ಭಾವನಿಗೆ ಹ್ಯಾಮ್ ತೆಗೆದ ಬನ್ ಬಂತು. “ಸಸ್ಯಾಹಾರಿ ಅಂದರೆ ಚಿಕನ್ ನಡೆಯುತ್ತದಾ?” ಎಂಬ ಪ್ರಶ್ನೆಯೂ ಬಂತು.

ಏಪ್ರನ್ನಿನವರು ನಿಂತೇ ಮಾತಾಡಿದರು. ಹೆಂಗಸರನ್ನು ಗುಂಪು ಮಾಡಿದ್ದಾರೆ, ಸರದಿಯ ಪಟ್ಟಿ ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದೆ. ಸಾವಿನ ಸುದ್ದಿ ಬಂದ ಕೂಡಲೇ ಸರದಿಯ ಗುಂಪಿನ ಮುಖ್ಯಸ್ಥೆ ಫೋನ್ ಎತ್ತುತ್ತಾರೆ: ನೀನು ಸಲಾಡ್, ನೀನು ಎರಡು ತಟ್ಟೆ ಬಾರ್ಸ್. ಇಲ್ಲ ಅನ್ನುವ ಹಾಗಿಲ್ಲ. ಸತ್ತವರು ಚರ್ಚಿಗೆ ಬರುತ್ತಿದ್ದರೋ ಇಲ್ಲವೋ ಲೆಕ್ಕಕ್ಕಿಲ್ಲ, ಹೆಸರು ದಾಖಲೆಯಲ್ಲಿದ್ದರೆ ಊಟ ಉಂಟು. “ಗುಂಪು ಮೊದಲು ಆರು ಇದ್ದವು. ಈಗ ಎರಡು. ಎರಡರಲ್ಲೂ ನಾನಿದ್ದೇನೆ.” ಅವರಿಗೆ ಎಂಬತ್ತರ ಹತ್ತಿರ ವಯಸ್ಸು.

ನಮ್ಮ ಮೇಜಿಗೆ ಬಂದು ಕೂತ ಒಬ್ಬ ಮುದುಕರು ಕ್ಯಾಥೊಲಿಕರಲ್ಲ, ಲುಥರನ್. ಸತ್ತವರ ನೆರೆಹೊಲದವರು. ಅಂಚು ಒರಟಾದ ಕಥೆಯೊಂದನ್ನು ಹೇಳಿದರು. 1959ರಲ್ಲಿ ಅವರ ಅಣ್ಣ ಈ ಊರಿನ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾದ. ಆ ಕಾಲದ ನಿಯಮದಂತೆ ಅಂಥ ಮದುವೆ ಚರ್ಚಿನ ವೇದಿಕೆಯ ಮುಂದೆ ನಡೆಯುವಂತಿರಲಿಲ್ಲ. ಪಾದ್ರಿಯ ಮನೆಯ ನಡುಕೋಣೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸುತ್ತೇನೆಂದು ಅಣ್ಣ ಬರೆದುಕೊಡಬೇಕಾಯಿತು. ಅವರ ತಾಯಿ ಮದುವೆಗೆ ಬರಲಿಲ್ಲ. “ಅಮ್ಮ ನಮ್ಮ ಚರ್ಚಿನ ಅಡುಗೆಮನೆಯ ಮುಖ್ಯಸ್ಥೆ. ಸೊಸೆ ಸತ್ತಾಗ ಊಟ ಕಳಿಸಿದ್ದು ಅವರೇ.” ಇಷ್ಟು ಹೇಳಿ ಇನ್ನೊಂದು ಬಾರ್ ತೆಗೆದುಕೊಂಡರು.

ಸಣ್ಣ ಊರಿನ ಚರ್ಚಿನ ಬಗ್ಗೆ ಹಾಡಿ ಹೊಗಳುವವರು ಈ ಎರಡನ್ನೂ ಒಟ್ಟಿಗೆ ನುಂಗಬೇಕು. ಯಾರ ಮನೆಯಲ್ಲಿ ಕಾಯಿಲೆ, ಯಾರ ಹೊಲ ಕಟಾವಾಗಿಲ್ಲ ಎಂದು ತಿಳಿಯುವ ವ್ಯವಸ್ಥೆಯೇ ಯಾರು ಯಾರ ಜೊತೆ ಓಡಾಡುತ್ತಾರೆ, ಯಾರು ಯಾಕೆ ಎರಡು ವಾರದಿಂದ ಬಂದಿಲ್ಲ ಎಂದೂ ತಿಳಿಯುತ್ತದೆ. ನೆಲಮಾಳಿಗೆಯ ಕಿಟಕಿ ಒಂದೇ, ಕಾಫಿ ಬರುವುದೂ ಸುದ್ದಿ ಹೋಗುವುದೂ ಅದರಲ್ಲೇ. ಸಂಜೆ ಸಾಕ್ ಸೆಂಟರ್‌ನಲ್ಲಿ ತಂಗಿದಾಗ ಹೋಟೆಲಿನಲ್ಲಿ ಬಡಿಸಿದ ಹುಡುಗಿ, ವಿಚ್ಛೇದನವಾದ ಮೇಲೆ ತನ್ನೂರಿನ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ ಅಂದಳು. ಯಾರೂ ಏನೂ ಅನ್ನಲಿಲ್ಲವಂತೆ, ಬೆಂಚಿನಲ್ಲಿ ಪಕ್ಕದ ಜಾಗ ಮಾತ್ರ ಖಾಲಿ ಇರುತ್ತಿತ್ತಂತೆ.

ಶನಿವಾರ

ಗ್ಲೆನ್‌ವುಡ್, ಬೆನ್ಸನ್ ದಾಟಿ ನೈಋತ್ಯಕ್ಕೆ ಇಳಿದಂತೆ ಕ್ಯಾಥೊಲಿಕ್ ಗೋಪುರಗಳು ಹಿಂದುಳಿದು ಬಿಳಿ ಬಣ್ಣದ ಮರದ ಚರ್ಚುಗಳು ಶುರು. ನಾರ್ವೆಯವರ ಸೀಮೆ. ಅವರಿಗಿಂತ ಮುಂಚೆ ಇಲ್ಲಿದ್ದವರ ಜಾಗಕ್ಕೆ ಮೊದಲು ಹೋದೆವು.

ಮಾಂಟೆವಿಡಿಯೊ ಹತ್ತಿರ, ಲಾ ಕಿ ಪಾರ್ಲ್ ಸರೋವರದ ಬಳಿ 1835ರಲ್ಲಿ ಥಾಮಸ್ ವಿಲಿಯಮ್‌ಸನ್ ಎಂಬ ವೈದ್ಯ-ಪಾದ್ರಿ ಮೂಲನಿವಾಸಿಗಳಾದ ಡಕೋಟಾ ಜನರ ನಡುವೆ ಮಿಷನ್ ತೆರೆದರು. ಕಳಿಸಿದ್ದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಷನರಿ ಸಂಸ್ಥೆ. ಡಕೋಟಾ ತಾಯಿ, ಫ್ರೆಂಚ್ ಮೂಲದ ತಂದೆಗೆ ಹುಟ್ಟಿದ ವ್ಯಾಪಾರಿ ಜೋಸೆಫ್ ರೆನ್‌ವಿಲ್ ಜೊತೆ ಕೂತು ಬೈಬಲ್ಲಿನ ಭಾಗಗಳನ್ನು ಡಕೋಟಾ ಭಾಷೆಗೆ ತಂದರು. ಪಾದ್ರಿ ಫ್ರೆಂಚ್‌ನಲ್ಲಿ ಓದುವುದು, ರೆನ್‌ವಿಲ್ ಡಕೋಟಾದಲ್ಲಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ವ್ಯಾಕರಣ, ನಿಘಂಟಿನ ಕೆಲಸವೂ ಅಲ್ಲೇ ಬೆಳೆಯಿತು. 1841ರಲ್ಲಿ ಚಾಪೆಲ್ ಕಟ್ಟಿದರು. ಮಿನ್ನೆಸೋಟದಲ್ಲಿ ಮೊದಲು ಮೊಳಗಿದ ಚರ್ಚ್ ಗಂಟೆ ಇಲ್ಲಿಯದೇ ಎನ್ನುತ್ತಾರೆ. ಈಗ ಇರುವುದು 1940ರ ದಶಕದಲ್ಲಿ ಹಳೆಯ ಜಾಗದಲ್ಲೇ ಮರುಕಟ್ಟಿದ್ದು. ಬೀಗ ಹಾಕಿತ್ತು, ಕಿಟಕಿಯಿಂದ ಇಣುಕಿದೆವು. ಮರದ ಬೆಂಚುಗಳು, ಅಷ್ಟೇ.

1851ರ ಒಪ್ಪಂದದಲ್ಲಿ ಡಕೋಟಾ ಜನ ನೆಲ ಬಿಟ್ಟುಕೊಡಬೇಕಾಯಿತು. ಕೊಡಬೇಕಾದ ಹಣ, ದವಸ ಬರದೆ ಹಸಿವಿನಲ್ಲಿ 1862ರಲ್ಲಿ ಯುದ್ಧವಾಯಿತು. ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಮಂದಿ ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಅದೇ ವರ್ಷ ಬಂದ ಹೋಮ್‌ಸ್ಟೆಡ್ ಕಾನೂನು ಉಳುವವರಿಗೆ 160 ಎಕರೆ ಕೊಡುವೆನೆಂದಿತು. ನಾರ್ವೆಯ ಬಡವರು ಬಂದು ಆ ನೆಲ ಉತ್ತರು, ಬಿಳಿ ಚರ್ಚು ಕಟ್ಟಿದರು. ಸಂಜೆ ನಾವು ಉಣ್ಣಲು ಹೋದದ್ದು ಅಂಥದ್ದೊಂದರಲ್ಲಿ.

ನಡುವೆ ಮ್ಯಾಡಿಸನ್ ಊರಿನ ದೈತ್ಯ ಕಾಡ್ ಮೀನಿನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡೆವು. ತನ್ನನ್ನು ಅಮೆರಿಕದ ಲುಟೆಫಿಸ್ಕ್ ರಾಜಧಾನಿ ಎಂದು ಕರೆದುಕೊಳ್ಳುವ ಊರದು. ಲುಟೆಫಿಸ್ಕ್ ಅಂದರೆ ಒಣ ಕಾಡ್ ಮೀನನ್ನು ನೀರಲ್ಲಿ, ಆಮೇಲೆ ಕಾಸ್ಟಿಕ್ ಕ್ಷಾರದಲ್ಲಿ, ಮತ್ತೆ ದಿನಗಟ್ಟಲೆ ನೀರಲ್ಲಿ ನೆನೆಸಿ ಬೇಯಿಸಿದ್ದು. ಅಕ್ಟೋಬರ್, ನವೆಂಬರ್ ಬಂತೆಂದರೆ ಈ ಸೀಮೆಯ ಲುಥರನ್ ಚರ್ಚುಗಳು ಒಂದೊಂದು ವಾರ ಒಂದೊಂದರಂತೆ ಲುಟೆಫಿಸ್ಕ್ ಊಟ ಹಾಕುತ್ತವೆ. ದಿನಾಂಕ ಒಂದಕ್ಕೊಂದು ಬಡಿಯದ ಹಾಗೆ ನೋಡಿಕೊಳ್ಳುತ್ತಾರೆ.

ಟಿಕೆಟ್ 25 ಡಾಲರ್. ಕೈಗೆ ಸಂಖ್ಯೆಯ ಚೀಟಿ ಕೊಟ್ಟು ಮೇಲೆ ಆರಾಧನೆಯ ಸಭಾಂಗಣದಲ್ಲಿ ಕೂರಿಸಿದರು. ಸಂಖ್ಯೆ ಕೂಗಿದಾಗ ಕೆಳಗಿಳಿಯಬೇಕು. ಬೆಂಚುಗಳು ಭರ್ತಿ, ಗೋಡೆಗೊರಗಿ ನಿಂತವರೂ ಇದ್ದರು. ಪ್ರವಚನ ಪೀಠದ ಪಕ್ಕದ ಮರದ ಹಲಗೆಯಲ್ಲಿ ಅಂಕಿ ಸಿಕ್ಕಿಸಿದ್ದರು: ಕಳೆದ ಭಾನುವಾರದ ಹಾಜರಿ 31. ನನ್ನ ಕೈಯ ಚೀಟಿಯಲ್ಲಿ 268. ಭಾವ ಎರಡನ್ನೂ ನೋಡಿ ಹುಬ್ಬೇರಿಸಿದರು. ಪಕ್ಕದಲ್ಲಿದ್ದವರು ಮೂರು ಗಂಟೆ ಕಾರು ಓಡಿಸಿಕೊಂಡು ಬಂದವರು. ಅಪ್ಪ-ಅಮ್ಮ ಇದೇ ಚರ್ಚಿನ ಸ್ಮಶಾನದಲ್ಲಿದ್ದಾರೆ, ತಾವು ಯಾವ ಚರ್ಚಿಗೂ ಹೋಗುವುದಿಲ್ಲ, ಮೀನಿನ ಊಟ ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ ಅಂದರು. ದೇವರನ್ನು ಬಿಟ್ಟು ಚರ್ಚನ್ನು ಇಟ್ಟುಕೊಂಡವರು ಇವರು. ಸಭಾಂಗಣದ ತುಂಬ ಅಂಥವರೇ ಇದ್ದಿರಬೇಕು. ಆದರೆ ಉಳಿದ ಐವತ್ತೊಂದು ವಾರ ಬಾಯ್ಲರಿಗೆ ಎಣ್ಣೆ ಹಾಕುವವರು ಆ 31 ಮಂದಿ.

ಕೆಳಗೆ ಉದ್ದುದ್ದ ಮೇಜು. ಹಿತ್ತಲಿನ ಶೆಡ್ಡಿನಲ್ಲಿ ಗಂಡಸರು ದೊಡ್ಡ ಹಂಡೆಗಳಲ್ಲಿ ಮೀನು ಬೇಯಿಸುತ್ತಿದ್ದರು. ಹೆಂಗಸರು ಲೆಫ್ಸೆ ಎಂಬ ಆಲೂಗಡ್ಡೆಯ ತೆಳು ರೊಟ್ಟಿಯನ್ನು ವಾರಗಳ ಮುಂಚೆಯೇ ಲಟ್ಟಿಸಿಟ್ಟಿದ್ದರು. ದೃಢೀಕರಣದ ತರಗತಿಯ ಹುಡುಗರು ಬಟ್ಟಲು ತುಂಬಿ ತುಂಬಿ ತಂದರು. ಮೀನು ತಟ್ಟೆಯಲ್ಲಿ ಸರಿಯಾಗಿ ಹೊಂದದ ಹಾಲುಬಾಯಿಯಂತೆ ನಡುಗುತ್ತಿತ್ತು. ರುಚಿ ಅಂತ ಏನಿಲ್ಲ, ಕರಗಿಸಿದ ಬೆಣ್ಣೆಯ ರುಚಿಯೇ ಅದರ ರುಚಿ. ಬೆಣ್ಣೆ ನಾರ್ವೆಯವರದು, ಬಿಳಿ ಸಾಸ್ ಸ್ವೀಡನ್ನಿನವರದು, ಯಾವುದು ಸರಿ ಎಂಬ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಭಾವ ಲೆಫ್ಸೆಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಮಾಡಿ ನಾಲ್ಕು ತಿಂದರು.

ಊಟಕ್ಕಿಂತ ಹಳೆಯ ಜಗಳದ ಕಥೆಯೂ ಕಿವಿಗೆ ಬಿತ್ತು. ಈ ಚರ್ಚಿನ ಎದುರು ರಸ್ತೆಯಾಚೆ ಇನ್ನೊಂದು ಲುಥರನ್ ಚರ್ಚು ಇತ್ತಂತೆ. 1880ರ ದಶಕದಲ್ಲಿ, ಯಾರಿಗೆ ಮೋಕ್ಷ ಎಂದು ದೇವರು ಮೊದಲೇ ಆರಿಸಿರುತ್ತಾನೋ ಅಥವಾ ಅವರ ನಂಬಿಕೆಯನ್ನು ಮುಂಗಂಡು ಆರಿಸುತ್ತಾನೋ ಎಂಬ ವಾದದಲ್ಲಿ ನಾರ್ವೆಯ ಲುಥರನ್ನರು ಎಲ್ಲೆಡೆ ಒಡೆದರು. ಅಣ್ಣತಮ್ಮಂದಿರು ಬೇರೆ ಬೇರೆ ಚರ್ಚು ಕಟ್ಟಿಕೊಂಡರು. 1917ರಲ್ಲಿ ಮೇಲಿನ ಹಂತದ ಸಂಘಟನೆಗಳು ಒಂದಾದರೂ ಹಳ್ಳಿಗಳಲ್ಲಿ ಎರಡೂ ಕಟ್ಟಡ ದಶಕಗಟ್ಟಲೆ ಉಳಿದವು. ಈಚೆಗೆ, 2009ರಲ್ಲಿ, ಸಲಿಂಗ ಸಂಗಾತಿಯೊಡನೆ ಬಾಳುವವರೂ ಪಾಸ್ಟರ್ ಆಗಬಹುದೆಂದು ದೊಡ್ಡ ಲುಥರನ್ ಸಂಘಟನೆ ತೀರ್ಮಾನಿಸಿದಾಗ ಮತ್ತೊಂದು ಸುತ್ತು ಒಡಕು. “ಮೊದಲ ಸಲ ಒಡೆದಾಗ ಎರಡೂ ಚರ್ಚು ತುಂಬುವಷ್ಟು ಜನ ಇದ್ದರು” ಅಂದರು ಕಾಫಿ ಸುರಿಯುತ್ತಿದ್ದವರು.

ಭಾನುವಾರ

ಮೈಲನ್. ಇಟಲಿಯ ಮಿಲಾನಿನ ಕಾಗುಣಿತ, ಉಚ್ಚಾರ ಮಾತ್ರ ಇಲ್ಲಿನದು. ನಾನೂರು ಜನರ ಆಸುಪಾಸಿನ ನಾರ್ವೇಜಿಯನ್ ಊರು. ಅರ್ಧಕ್ಕಿಂತ ಹೆಚ್ಚು ಜನ ಈಗ ಪೆಸಿಫಿಕ್ ಸಾಗರದ ನಡುವಿನ ಮೈಕ್ರೊನೇಷಿಯಾದವರು, ಅದರಲ್ಲೂ ಚುಕ್ ರಾಜ್ಯದ ರೊಮನಮ್ ಎಂಬ ಪುಟ್ಟ ದ್ವೀಪದವರು. ಊರಿನವರೊಬ್ಬರು 1970ರ ದಶಕದಲ್ಲಿ ಅಮೆರಿಕ ಸರ್ಕಾರದ ಪೀಸ್ ಕೋರ್ ಯೋಜನೆಯ ಸ್ವಯಂಸೇವಕರಾಗಿ ಅಲ್ಲಿದ್ದರು. ಆ ಗುರುತಿನ ಎಳೆ ಹಿಡಿದು ಬಹಳ ವರ್ಷಗಳ ಮೇಲೆ ಮೊದಲ ಕುಟುಂಬಗಳು ಬಂದವು. 1986ರ ಒಪ್ಪಂದದಂತೆ ಮೈಕ್ರೊನೇಷಿಯಾದವರು ವೀಸಾ ಇಲ್ಲದೆ ಅಮೆರಿಕದಲ್ಲಿ ನೆಲೆಸಿ ದುಡಿಯಬಹುದು. ಸುತ್ತಲಿನ ಟರ್ಕಿ ಕೋಳಿ ಕಾರ್ಖಾನೆಗಳಲ್ಲಿ ಕೆಲಸವಿತ್ತು, ಊರಲ್ಲಿ ಖಾಲಿ ಮನೆಗಳಿದ್ದವು.

ಅವರು ಕ್ರೈಸ್ತರಾಗಿಯೇ ಬಂದವರು. ಮೈಕ್ರೊನೇಷಿಯಾಕ್ಕೆ 1852ರಲ್ಲಿ ಪ್ರಾಟೆಸ್ಟಂಟ್ ಮಿಷನರಿಗಳನ್ನು ಹಡಗು ಹತ್ತಿಸಿದ್ದು ಬಾಸ್ಟನ್ನಿನ ಅದೇ ಅಮೆರಿಕನ್ ಬೋರ್ಡ್, ನಿನ್ನೆ ಬೀಗ ಹಾಕಿದ್ದ ಚಾಪೆಲ್ಲಿಗೆ ವಿಲಿಯಮ್‌ಸನ್ನರನ್ನು ಕಳಿಸಿದ್ದ ಸಂಸ್ಥೆ. ಭಾವನಿಗೆ ಇದನ್ನು ಕಾರಿನಲ್ಲೇ ಹೇಳಿದೆ. “ಅಂದರೆ ಕೊಟ್ಟದ್ದು ಬಡ್ಡಿ ಸಮೇತ ವಾಪಸ್ ಬಂತು ಅನ್ನು” ಅಂದರು.

ಆರಾಧನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರೋಣವೆಂದರೆ ಹಿಂದಿನ ಸಾಲುಗಳೇ ಮೊದಲು ಭರ್ತಿ. ಲುಥರನ್ನರು ಮುಂದೆ ಕೂರುವುದಿಲ್ಲ. ನಾವು ನಡುವೆ ಸಿಕ್ಕಿಕೊಂಡೆವು. ನೆರೆತ ತಲೆಯ ನಾರ್ವೇಜಿಯನ್ ಅಜ್ಜಿಯರ ಎದುರು ಸಾಲಿನಲ್ಲಿ, ಹೂಗಳ ಗಾಢ ಬಣ್ಣದ ಲಂಗ ಉಟ್ಟ ಮೈಕ್ರೊನೇಷಿಯಾದ ತಾಯಂದಿರು, ತೊಡೆಯ ಮೇಲೆ ಮಕ್ಕಳು. ಸಭೆಯಲ್ಲಿ ಅಳುವ ಮಗುವಿನ ದನಿ ಕೇಳಿ ಎಷ್ಟೋ ವರ್ಷವಾಗಿತ್ತು ಎಂದು ಆಮೇಲೆ ಒಬ್ಬ ಅಜ್ಜಿ ಹೇಳಿದರು. ನಾಲ್ಕು ದನಿಗಳಲ್ಲಿ ಹಾಡುವುದು ನಾರ್ವೆಯವರಿಗೂ ಗೊತ್ತು, ದ್ವೀಪದವರಿಗೂ ಗೊತ್ತು. ಕೀರ್ತನೆ ಎದ್ದಾಗ ಪುಸ್ತಕ ನೋಡದೆ ಹಾಡಿದವರು ದ್ವೀಪದವರು.

ಬೆಂಚಿನ ಬೆನ್ನಿನ ಗೂಡಿನಲ್ಲಿ 2006ರಲ್ಲಿ ಬಂದ ಕೆಂಪು ಬಣ್ಣದ ಕೀರ್ತನೆ ಪುಸ್ತಕ. ಪ್ರವಚನದ ನಡುವೆ ಪುಟ ತಿರುವಿದೆ. 837ನೆಯದು ಜೋಸೆಫ್ ರೆನ್‌ವಿಲ್ ಲಾ ಕಿ ಪಾರ್ಲ್‌ನಲ್ಲಿ ಡಕೋಟಾ ಭಾಷೆಯಲ್ಲಿ ಕಟ್ಟಿದ ಕೀರ್ತನೆ. ಇಲ್ಲಿಂದ ಆ ಜಾಗ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ಹಾಡು ಪುಸ್ತಕದೊಳಗೆ ಬಂದಿದೆ, ಹಾಡಿದವರನ್ನು ಮಾತ್ರ ಈ ನೆಲದಿಂದ ಓಡಿಸಿದ್ದರು.

ಸಮಾಧಾನ ಹಂಚಿಕೊಳ್ಳುವ ಹೊತ್ತಿನಲ್ಲಿ ಎಲ್ಲರೂ ಎದ್ದು ಎಲ್ಲರ ಕೈ ಕುಲುಕಿದರು. ಭಾವನ ಕೈಯನ್ನು ಒಂದು ನಾಲ್ಕು ವರ್ಷದ ಹುಡುಗಿ ಬಿಡಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ನಾವು ಏಳಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಕಾಣಿಕೆ ತಟ್ಟೆಯಲ್ಲಿ ಹೆಚ್ಚಿನವು ಲಕೋಟೆಗಳು, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ. ವರ್ಷದ ಕೊನೆಗೆ ತೆರಿಗೆ ವಿನಾಯಿತಿಗೆ ಲೆಕ್ಕ ಸಿಗಲೆಂದು.

ಆಮೇಲೆ ಕಾಫಿ. ಈ ಗಂಟೆಯನ್ನೇ ಮೂರನೆಯ ಸಂಸ್ಕಾರ ಅಂತ ಲುಥರನ್ನರು ತಮಾಷೆ ಮಾಡಿಕೊಳ್ಳುತ್ತಾರೆ, ಅವರಲ್ಲಿ ಅಧಿಕೃತವಾಗಿ ಇರುವುದು ದೀಕ್ಷಾಸ್ನಾನ, ಪ್ರಭುಭೋಜನ ಎರಡೇ. ಭಾವ ಗ್ಯಾಲಪ್ ಸಮೀಕ್ಷೆಯ ಅಂಕಿ ತೆಗೆದರು: 1999ರಲ್ಲಿ ಅಮೆರಿಕನ್ನರಲ್ಲಿ ಶೇ. 70 ಮಂದಿ ಯಾವುದಾದರೂ ಚರ್ಚು, ಯಹೂದಿಗಳ ಸಿನಗಾಗ್ ಅಥವಾ ಮಸೀದಿಯ ಸದಸ್ಯರಾಗಿದ್ದರು, 2020ರಲ್ಲಿ ಶೇ. 47. ಎದುರಿಗಿದ್ದ ರೈತರು ತಲೆ ಆಡಿಸಿದರು, ಅಂಕಿ ಅವರಿಗೆ ಹೊಸದಲ್ಲ. “ಶೇಕಡಾ ಲೆಕ್ಕ ನಮಗೆ ಬೇಡ. ಜಾನುವಾರು ಕಾಯಿಲೆ ಬಿದ್ದರೆ ನೋಡಿಕೊಳ್ಳೋಕೆ ಯಾರು ಬರ್ತಾರೆ ಅಂತ ಮೊದಲು ಭಾನುವಾರವೇ ಗೊತ್ತಾಗೋದು. ಈಗ ಫೋನ್ ಮಾಡಿ ಕೇಳಬೇಕು, ಕೇಳೋಕೆ ನಾಚಿಕೆ.”

ಮೂಲೆಯ ಮೇಜಿನ ಮೇಲೆ ಹೆಂಗಸರು ಹೊಲಿದ ಕೌದಿಗಳ ರಾಶಿ, ಹಳೆಯ ಪರದೆ, ಅಂಗಿ, ಹಾಸಿಗೆ ಬಟ್ಟೆಯ ತುಂಡುಗಳು. ಲುಥರನ್ ವರ್ಲ್ಡ್ ರಿಲೀಫ್ ಮೂಲಕ ನಿರಾಶ್ರಿತರ ಶಿಬಿರಗಳಿಗೆ ಹೋಗುತ್ತವೆ. ಅಳತೆ 60 ಇಂಚು ಅಗಲ, 80 ಇಂಚು ಉದ್ದ, ಅದರಲ್ಲಿ ರಾಜಿ ಇಲ್ಲ. ಮೈಕ್ರೊನೇಷಿಯಾದ ಒಬ್ಬಾಕೆ ಅಂಚಿಗೆ ಗಂಟು ಹಾಕುತ್ತಿದ್ದಳು, ಅಜ್ಜಿ ಪಕ್ಕದಲ್ಲಿ ಕೂತು ಬಿಗಿ ಸಾಲದು ಅನ್ನುತ್ತಿದ್ದರು. ಆಕೆ ಒಪ್ಪಲಿಲ್ಲ, ತನ್ನ ಗಂಟು ಬಿಚ್ಚಿ ನೋಡಿ ಅಂದಳು. ಅಜ್ಜಿಗೆ ಬಿಚ್ಚಲಾಗಲಿಲ್ಲ.

ಹೊರಡುವ ಮುಂಚೆ ಭಾವನನ್ನು ಮೇಜು ಮಡಚಲು ಕರೆದರು. ಆ ಬದಿ ಹಿಡಿಯಿರಿ, ಕೊಂಡಿ ಒತ್ತಿ, ಹಾಗಲ್ಲ ಹೀಗೆ. ಅಡುಗೆಮನೆಯಲ್ಲಿ ಆಗಲೇ ಇನ್ನೊಂದು ಚರ್ಚೆ ಎದ್ದಿತ್ತು. ಈ ವರ್ಷದ ಊಟಕ್ಕೆ ಮೀನು ಎಷ್ಟು ಪೌಂಡ್ ತರಿಸುವುದು, ಅದರ ಜೊತೆ ದ್ವೀಪದವರು ಮಾಡುವ ಅನ್ನವನ್ನೂ ಇಟ್ಟರೆ ಹೇಗೆ. ಅನ್ನ ಇಟ್ಟರೆ ಆಲೂಗಡ್ಡೆ ಕಡಿಮೆ ಸಾಕಾಗುತ್ತದೆ ಎಂದು ಒಬ್ಬರು. ಲುಟೆಫಿಸ್ಕ್ ಜೊತೆ ಅನ್ನವನ್ನು ನಮ್ಮಜ್ಜಿ ಕೇಳಿದ್ದರೆ ಎದ್ದು ಹೋಗುತ್ತಿದ್ದರು ಎಂದು ಇನ್ನೊಬ್ಬರು. ಅನ್ನದ ಪ್ರಶ್ನೆಗೆ ಭಾವ, ಯಾರೂ ಕೇಳದಿದ್ದರೂ, ಅನ್ನದ ಪರವಾಗಿ ಮತ ಹಾಕಿದರು.